ಬರುವವರು ಯಾರು?

ರಾಜಾ ರವಿವರ್ಮರ ಹೆಸರು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗೋಡೆಯ ಮೇಲಣ ಲಕ್ಷ್ಮೀ ಸರಸ್ವತಿಯರ ಪಟಗಳು. ಆದರೆ ಆ ಕಲೆಗಾರನ ಅಂತರಂಗವನ್ನು ಅರಿಯಬಯಸುವ ರಸಿಕರು ಅವರ 1893ರ ಚಿತ್ರವೊಂದರ ಮುಂದೆ ತುಸು ಹೊತ್ತು ನಿಲ್ಲಬೇಕು. ಇಂಗ್ಲಿಷಿನಲ್ಲಿರುವ ಅದರ ಹೆಸರನ್ನು ‘ಅದೋ, ಅಪ್ಪ ಬಂದರು’ ಎಂದು ಕನ್ನಡಿಸಬಹುದು. ಚಿತ್ರದಲ್ಲಿರುವ ತಾಯಿ ರವಿವರ್ಮರ ಮಗಳು ಮಹಾಪ್ರಭಾ. ಆಕೆ ಎತ್ತಿಕೊಂಡಿರುವ ಕೂಸು ಅವರ ಮೊಮ್ಮಗ.

ತಾಯಿ-ಮಗುವಿನ ಚಿತ್ರಗಳಲ್ಲಿ ತಾಯಿಯ ದೃಷ್ಟಿ ಮಗುವಿನ ಮೇಲೆ ನೆಲೆಸುವುದು ವಾಡಿಕೆ. ಇಲ್ಲಿ ಅದು ಚೌಕಟ್ಟಿನಾಚೆಗೆ ಹರಿದಿದೆ. ಕಾಣದ ಒಬ್ಬ ವ್ಯಕ್ತಿಯೇ ಚಿತ್ರದ ಕೇಂದ್ರ! ನಮ್ಮ ಆಲಂಕಾರಿಕರು ಹೇಳಿದ ಧ್ವನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೆ ಈ ಚಿತ್ರ ಹುಟ್ಟಿದ್ದು ಮರುಮಕ್ಕತ್ತಾಯದ ನಾಡಿನಲ್ಲಿ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಮಗೆ ಅದರ ಬಗೆ ಅಪರಿಚಿತವಲ್ಲ. ಅಲ್ಲಿ ಮಕ್ಕಳು ತಾಯಿಯ ಮನೆತನದವರು, ಯಜಮಾನಿಕೆ ಸೋದರಮಾವನದು. ಅಂಥ ಮನೆಯಲ್ಲಿ ಅಪ್ಪನನ್ನು ಎದುರುನೋಡುವ ತಾಯಿಯನ್ನು ಚಿತ್ರಿಸಿದ್ದು ಗಂಡ, ಹೆಂಡತಿ, ಮಕ್ಕಳ ಹೊಸ ಸಂಸಾರಕ್ಕೆ ಹಾಡಿದ ನಾಂದಿ ಎಂದು ಕೆಲವು ವಿಮರ್ಶಕರು ಅರ್ಥೈಸಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಕೇರಳದಲ್ಲಿ ಆ ಕೂಡುಕುಟುಂಬ ಪದ್ಧತಿಯನ್ನು 1975ರ ಕಾಯಿದೆ ತೊಡೆದುಹಾಕಿತು.

ಆದರೂ ಈ ಅರ್ಥ ಶೀರ್ಷಿಕೆಗೆ ಹೆಚ್ಚಾಗಿ, ಚಿತ್ರಕ್ಕೆ ಕಡಿಮೆಯಾಗಿ ಒಪ್ಪುತ್ತದೆ. ಇಲ್ಲಿ ಇನ್ನೊಬ್ಬ ಅಪ್ಪನಿದ್ದಾನೆ. ಅವನು ಬರಬೇಕಾಗಿಲ್ಲ, ಕುಂಚ ಹಿಡಿದು ಆಗಲೇ ಎದುರಿಗೆ ನಿಂತಿದ್ದಾನೆ. ರವಿವರ್ಮರು ಕಿಳಿಮಾನೂರಿನವರು, ಮಗಳಾದರೋ ತಾಯಿಯ ಮನೆಯಾದ ಮಾವೇಲಿಕ್ಕರದವಳು. ಪದ್ಧತಿಯಂತೆ ಅವಳು ಅವರ ವಂಶಕ್ಕೆ ಸೇರಿದವಳಲ್ಲ. ವಂಶ ಕೊಡದ ಹಕ್ಕನ್ನು ವಾತ್ಸಲ್ಯ ಈ ಪಟದಲ್ಲಿ ಪಡೆದುಕೊಂಡಿದೆ. ಮಗಳು ಗಂಡನ ದಾರಿ ನೋಡುತ್ತಿದ್ದಾಳೆ. ತಂದೆ ಮಗಳನ್ನು ನೋಡುತ್ತಿದ್ದಾನೆ. ಚಿತ್ರದ ಮಾಧುರ್ಯವೂ ಅದರ ಅಡಿಯಲ್ಲಿರುವ ವಿಷಾದವೂ ಈ ಎರಡು ನೋಟಗಳು ಒಂದನ್ನೊಂದು ಸಂಧಿಸದಿರುವುದರಲ್ಲಿವೆ.

ಚರಿತ್ರೆಯೂ ಇದಕ್ಕೆ ಒಂದು ಮಾತು ಸೇರಿಸಿತು. ಈ ಚಿತ್ರ ಬರೆದಾಗ ಇನ್ನೂ ಹುಟ್ಟಿರದ ಮಹಾಪ್ರಭೆಯ ಮಗಳು ಸೇತು ಲಕ್ಷ್ಮೀಬಾಯಿಯನ್ನು, ಹೆಣ್ಣು ಸಂತತಿಯಿಲ್ಲದೆ ವಂಶ ನಿಲ್ಲುವಂತಿದ್ದ ತಿರುವಾಂಕೂರು ಅರಮನೆ 1900ರಲ್ಲಿ ದತ್ತು ತೆಗೆದುಕೊಂಡಿತು. 1924ರಿಂದ 1931ರವರೆಗೆ ಆಕೆ ರಾಜಪ್ರತಿನಿಧಿಯಾಗಿ ಆ ರಾಜ್ಯವನ್ನಾಳಿದರು. ಅಪ್ಪನ ಬರವನ್ನು ಸಾರಿದ ಚಿತ್ರದ ತಾಯಿಯಿಂದಲೇ ತಾಯಿಯ ವಂಶ ಮುಂದುವರಿಯಿತು. ಚೌಕಟ್ಟಿನ ಹೊರಗಿರುವವನನ್ನು ಹುಡುಕುವ ಅವಸರದಲ್ಲಿ, ಒಳಗೆ ನಿಂತಿರುವ ಆಕೆಯನ್ನು ನಾವು ಮರೆಯಬಾರದು.