ಗಾಲಿ ಬಿಚ್ಚಿದಾಗ ಕಾಣುವ ಚೆಲುವು

ಸ್ವಂತ ಕೈಯಿಂದ ಕಟ್ಟಿದ ಕಾರು ಕಂಡರೆ ಎಲ್ಲರೂ ಎಂಜಿನ್ ಯಾವುದೆಂದು ಕೇಳುತ್ತಾರೆ. ನನಗೆ ಹಿಂದಿನ ಗಾಲಿ ಬಿಚ್ಚಿ ತೋರಿಸಿದರೆ ಸಾಕು. ಬ್ರೇಕ್ ಡಿಸ್ಕಿನ ಅಂಚು ಕಚ್ಚಿ ಕುಳಿತ ಕ್ಯಾಲಿಪರ್ ಎಲ್ಲಿದೆ ಎಂಬುದರಲ್ಲೇ ಕಟ್ಟಿದವರ ರುಚಿ ತಿಳಿಯುತ್ತದೆ.

ಕಾರ್ಖಾನೆಯ ಕಾರಿನಲ್ಲಿ ಆ ಜಾಗ ಮೊದಲೇ ಗೊತ್ತಾಗಿರುತ್ತದೆ. ಮನೆಯಲ್ಲಿ ಕಟ್ಟುವವರಿಗೆ ಡಿಸ್ಕಿನ ಸುತ್ತ 360 ಡಿಗ್ರಿಯೂ ಖಾಲಿ. ಎಲ್ಲಿ ಕೂರಿಸಿದರೂ ಪ್ಯಾಡಿನ ಹಿಡಿತ ಅಷ್ಟೇ, ಬದಲಾಗುವುದು ಉಳಿದದ್ದು. ಅಚ್ಚಿನ ಮುಂದಿಟ್ಟರೆ ತೂಕ ಕಾರಿನ ನಡುವಿಗೆ ಸರಿಯುತ್ತದೆ, ತಿರುವಿನಲ್ಲಿ ಗಾಡಿ ಚುರುಕು. ಹಿಂದಿಟ್ಟರೆ ಇನ್ನೊಂದು ಸೊಗಸು: ಗಾಡಿ ಮುಂದೋಡುವಾಗ ಡಿಸ್ಕಿನ ಹಿಂಭಾಗ ಮೇಲಕ್ಕೇರುತ್ತಿರುತ್ತದೆ, ಪ್ಯಾಡು ಅದನ್ನು ಕೆಳಕ್ಕೆ ಜಗ್ಗುತ್ತದೆ. ನೆಲ ಗಾಲಿಯನ್ನು ಒತ್ತುವುದು ಮೇಲಕ್ಕೆ. ಒಂದರಲ್ಲೊಂದು ವಜಾ ಆಗಿ ಬೇರಿಂಗಿನ ಭಾರ ಇಳಿಯುತ್ತದೆ. ಕಣ್ಣಿಗೆ ಕಾಣದ ಈ ಲೆಕ್ಕ ನನಗೆ ಬಲು ಇಷ್ಟ.

ಏರ್ ತೆಗೆಯುವ ನಿಪ್ಪಲ್ ಮಾತ್ರ ಕ್ಯಾಲಿಪರಿನ ನೆತ್ತಿಯಲ್ಲೇ ಇರಬೇಕು. ಎಡದ್ದನ್ನು ಬಲಕ್ಕೆ ಹಾಕಿದರೆ ಅದು ಕೆಳಗಾಗುತ್ತದೆ; ಆಯಿಲ್ ಎಷ್ಟು ಹರಿಸಿದರೂ ಗುಳ್ಳೆ ಮೇಲೆಯೇ ಕೂತಿರುತ್ತದೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದವರು ಕಟ್ಟುವಂಥ ಫಾರ್ಮುಲಾ ಸ್ಟೂಡೆಂಟ್ ಕಾರುಗಳು ಓಟಕ್ಕಿಳಿಯುವ ಮೊದಲು ನಾಲ್ಕೂ ಗಾಲಿ ಲಾಕ್ ಮಾಡಿ ತೋರಿಸಬೇಕು. ಅಂಥ ಒಂದು ಗುಳ್ಳೆ ಸಾಕು, ಕೆಲಸ ಕೆಡಲು. ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಹಲಗೆ ಸಿಕ್ಕಿಸಿ, ನಿಪ್ಪಲ್ ಮೇಲೆ ಮಾಡಿ ಹಿಡಿದು ಏರ್ ತೆಗೆಯುವ ಉಪಾಯವೂ ಉಂಟು. ಕೆಲಸವೇನೋ ಆಗುತ್ತದೆ, ಚೆಲುವು ಹೋಗುತ್ತದೆ.

ರೋಣದ ಅಸೂಟಿಯಂಥ ಎರೆಸೀಮೆಯಲ್ಲಿ ಓಡಿಸುವುದಾದರೆ ಕ್ಯಾಲಿಪರನ್ನು ಕೆಳಕ್ಕೆ ಜೋತುಬಿಡಲೇಬಾರದು. ಮಳೆ ಬಿದ್ದ ಎರೆಮಣ್ಣು ಗಾಲಿಗೆ ಮೆತ್ತಿದರೆ ಬಿಡುವುದಿಲ್ಲ. ರಿಮ್ಮಿಗೂ ಕ್ಯಾಲಿಪರಿಗೂ ನಡುವಿನ ಸಂದಿಯಲ್ಲಿ ತುಂಬಿ, ಬಿಸಿಲಿಗೆ ಕಲ್ಲಾಗಿ, ಕ್ಯಾಲಿಪರ್ ಜಾರುವ ಪಿನ್ನುಗಳನ್ನೇ ಬಿಗಿದುಹಾಕುತ್ತದೆ. ಅಚ್ಚಿನ ಮಟ್ಟಕ್ಕಿಂತ ತುಸು ಮೇಲೆ ಕೂರಿಸುವುದೇ ಲೇಸು.

ಕೊನೆಗೆ ಶಿಮ್ಮುಗಳು. ತೆಳ್ಳನೆಯ ತಗಡಿನ ಬಿಲ್ಲೆ ಒಂದು ಹಾಕಿ, ಒಂದು ತೆಗೆದು, ಡಿಸ್ಕ್ ನಟ್ಟನಡುವೆ ಬರುವವರೆಗೆ ತಾಳ್ಮೆ ಬೇಕು. ಗಾಲಿ ತಿರುಗಿಸಿದಾಗ ಸಪ್ಪಳ ಒಂದೇ ಸಮ ಬಂದರೆ ಗೆದ್ದಂತೆ. ಲಕ್ಕುಂಡಿಯ ಕಡೆದ ಕಂಬಗಳ ಮೇಲೆ ಬೆರಳಾಡಿಸಿದವರಿಗೆ ಆ ಸುಖ ಹೊಸದಲ್ಲ.

ಕ್ಯಾಲಿಪರ್ ಅಚ್ಚಿನ ಮುಂದೋ ಹಿಂದೋ ಎಂದರೆ ನನ್ನ ಮತ ಹಿಂಬದಿಗೇ. ಆದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬರುವುದು ಮುಂದಿನಿಂದ. ಅದಕ್ಕೆ ದೊಡ್ಡದೊಂದು ಬಾಗು ಕೊಟ್ಟು ತರಬೇಕಾಗುತ್ತದೆ.