ಉಸ್ಮಾನಿಯಾ ನೋಟು: ಗರಿಗರಿ ಕಾಗದ, ಮರೆತ ಸಹಿ

ನಿಜಾಮರ ಕಾಲದ ಉಸ್ಮಾನಿಯಾ ಸಿಕ್ಕಾ ನೋಟುಗಳ ಸಂಗ್ರಹದಲ್ಲಿ ಎರಡೇ ಅಳತೆಗಳು ನಡೆಯುತ್ತಿವೆ: ಮುಖಬೆಲೆ ಮತ್ತು ಮಡಿಕೆ ಬೀಳದ ಗರಿಗರಿತನ. ಸಾವಿರದ ನೋಟಿಗೆ ಸಿಗುವ ಮಾನ ಒಂದು ರೂಪಾಯಿಯದಕ್ಕಿಲ್ಲ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಭಾಲ್ಕಿ, ಹಲಬರ್ಗಾದ ಚರಿತ್ರೆಗೆ ಈ ಅಳತೆ ಸಲ್ಲದು.

ಹಿನ್ನೆಲೆ ಗೊತ್ತಿದ್ದದ್ದೇ. ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದಲ್ಲಿ, 1918ರಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ನೋಟಿನ ಒಪ್ಪಿಗೆ ದೊರೆಯಿತು. ಮೊದಲು 10 ಮತ್ತು 100, 1919ರಲ್ಲಿ 1 ಮತ್ತು 5, 1926ರಲ್ಲಿ 1000 ರೂಪಾಯಿಯ ನೋಟುಗಳು ಬಂದವು. ಏಳು ಹಾಲಿ ರೂಪಾಯಿಗೆ (ನಿಜಾಮರ ಹಣ) ಆರು ಕಲ್ದಾರ್ (ಬ್ರಿಟಿಷ್ ಭಾರತದ ರೂಪಾಯಿ) ಎಂಬುದು ಆಗಿನ ಲೆಕ್ಕ.

ನೋಟಿನ ನಿಜವಾದ ಸಾಕ್ಷ್ಯ ಹಣಕಾಸು ಮಂತ್ರಿಯ ಸಹಿಯಲ್ಲಿದೆ. ಸಹಿ ಹಾಕಿದವರಲ್ಲಿ ಗುಲಾಮ್ ಮುಹಮ್ಮದ್ ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಜಾಹಿದ್ ಹುಸೇನ್ 1948ರಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್ ಆದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರದ ಸಹಿಗಳಲ್ಲಿ ಒಂದು ಸ್ಟೇಟ್ ಕಾಂಗ್ರೆಸ್ಸಿನ ಡಾ. ಜಿ. ಎಸ್. ಮೇಲ್ಕೋಟೆಯವರದು. ಆಳ್ವಿಕೆ ಮಗುಚಿ ಬಿದ್ದರೂ ನೋಟಿನ ಹೆಸರು ಉಸ್ಮಾನಿಯಾ ಎಂದೇ ಉಳಿಯಿತು. ಬದಲಾವಣೆ ಕಾಣಿಸಿದ್ದು ಸಹಿಯಲ್ಲಿ. ಈ ಸಹಿಗಳನ್ನು ಸಾಲಾಗಿ ಇಟ್ಟರೆ ಒಂದು ಸಂಸ್ಥಾನದ ಕೊನೆಯ ದಶಕವೇ ಎದುರಿಗೆ ಬರುತ್ತದೆ. ಅಮೆರಿಕದ ವಸಾಹತು ಕಾಲದ ನೋಟುಗಳನ್ನು ಅಭ್ಯಾಸ ಮಾಡಿದವರು ಸಹಿದಾರರ ಪಟ್ಟಿಗಳನ್ನೇ ಕಟ್ಟಿದ್ದಾರೆ. ನಮ್ಮ ಸಂಗ್ರಹಕಾರರಲ್ಲಿ ಸಹಿ ಬೆಲೆ ಏರಿಸುವ ನೆಪ ಮಾತ್ರವಾಗಿದೆ.

ನೋಟಿನ ಹಿಂಬದಿಯ ಕನ್ನಡದ ಬಗ್ಗೆಯೂ ತಪ್ಪು ಮಾತು ಹಬ್ಬಿದೆ. ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲಿಯೂ ಮೌಲ್ಯ ಬರೆದದ್ದನ್ನು ನಿಜಾಮರ ಭಾಷಾಪ್ರೀತಿಗೆ ಪುರಾವೆ ಎನ್ನುವವರಿದ್ದಾರೆ. ನೋಟು ಹೊರಟ 1918ರಲ್ಲಿಯೇ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಸ್ಥಾಪನೆಯಾಯಿತು; ಕಚೇರಿಯ ಭಾಷೆಯೂ ಉರ್ದುವೇ. ಸಂತೆಯಲ್ಲಿ ನೋಟು ಚಲಾವಣೆಯಾಗಲು ಕನ್ನಡ ಬೇಕಿತ್ತು, ಆಡಳಿತಕ್ಕೆ ಬೇಕಿರಲಿಲ್ಲ. ಹಾಗೆಂದು ನೋಟನ್ನು ದಬ್ಬಾಳಿಕೆಯ ಕಾಗದವೆಂದು ಮೂಲೆಗೆ ತಳ್ಳುವವರ ವಾದವೂ ನಿಲ್ಲದು. ಕನ್ನಡವನ್ನು ಎಲ್ಲಿಗೆ ಬಿಟ್ಟುಕೊಂಡರು, ಎಲ್ಲಿ ತಡೆದರು ಎಂಬುದಕ್ಕೆ ಈ ಕಾಗದವೇ ದಾಖಲೆ.

ಚೊಕ್ಕ ನೋಟಿನಿಂದ ಮುದ್ರಣದ ವಿವರ ಸ್ಪಷ್ಟವಾಗುವುದು ನಿಜ. ಆದರೆ ಹಳೆಯ ನೋಟನ್ನು ತೊಳೆದು ಇಸ್ತ್ರಿ ಹಾಕಿ ಹೊಸದಾಗಿಸುವುದು ಅಕ್ಷಮ್ಯ. ಮಡಿಕೆ, ಪಿನ್ನಿನ ತೂತು, ಬೆರಳಿನ ಕೊಳೆ ಅದು ಕೈಯಿಂದ ಕೈಗೆ ದಾಟಿದ್ದಕ್ಕೆ ಸಾಕ್ಷಿ. ಬೀದರ್ 1956ರಲ್ಲಿ ಮೈಸೂರು ರಾಜ್ಯ ಸೇರಿತು. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಈ ಸಂಧಿಕಾಲವನ್ನು ತಿಳಿಯಲು ಸವೆದ ಒಂದು ರೂಪಾಯಿಯ ನೋಟುಗಳೇ ಬೇಕು. ಸಂಗ್ರಹವನ್ನು ಸಹಿಯ ಅನುಕ್ರಮದಲ್ಲಿ, ಎರಡೂ ಬದಿ ಕಾಣುವಂತೆ ಜೋಡಿಸಬೇಕು. ಮುಖಬೆಲೆ ಕೊನೆಯ ಮಾನದಂಡವಾಗಬೇಕು.