ತಕ್ಕಡಿಯ ರೂಪಕವೂ ಆಯ್ಕೆಯ ಮಿದುಳೂ: ಒಂದು ವಿಮರ್ಶೆ

ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಜೀವಿಯ ಮಿದುಳಿನೊಳಗೆ ಅವೆರಡರ ಮೌಲ್ಯವನ್ನೂ ಒಂದೇ ಮಾನದಿಂದ ತೂಗುವ ತಕ್ಕಡಿಯೊಂದಿದೆ ಎಂಬುದು ನರವಿಜ್ಞಾನದಲ್ಲಿ ಪ್ರಬಲವಾದ ಒಂದು ಮತ. ಈ ಮತಕ್ಕೆ ಆಧಾರವೇನು, ಆ ಆಧಾರವು ಎಷ್ಟು ಭಾರವನ್ನು ಹೊರಬಲ್ಲುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಕ್ಕಡಿಯ ರೂಪಕ ನಮಗೆ ಹೊಸದಲ್ಲ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ನಾರದಮುನಿಯ ದೇವಾಲಯವಿದೆ. ಕೃಷ್ಣತುಲಾಭಾರದ ಕಥೆಗೆ ಈ ನಾರದನೇ ಸೂತ್ರಧಾರ. ಸತ್ಯಭಾಮೆಯ ಸಮಸ್ತ ಆಭರಣಗಳಿಗೂ ಮೇಲೇಳದ ತಟ್ಟೆಯು ರುಕ್ಮಿಣಿಯಿಟ್ಟ ಒಂದು ತುಳಸೀದಳಕ್ಕೆ ಮೇಲೆದ್ದಿತು. ಈ ಕಥೆಯು ತಕ್ಕಡಿಯನ್ನು ನಿರಾಕರಿಸುವುದಿಲ್ಲ. ತೂಕವು ವಸ್ತುವಿನಲ್ಲಿಲ್ಲ, ಇಟ್ಟವರ ಭಾವದಲ್ಲಿದೆ ಎಂದಷ್ಟೇ ಹೇಳುತ್ತದೆ.

ಪ್ರಯೋಗಶಾಲೆಯ ಮೊದಲ ಮಾತೂ ಬಹುಮಟ್ಟಿಗೆ ಇದೇ ಆಗಿದೆ. ಪಡೋಆ-ಸ್ಕಿಯೋಪ್ಪಾ ಮತ್ತು ಅಸ್ಸಾದ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕೋತಿಗಳ ಮುಂದೆ ಎರಡು ಬಗೆಯ ಪಾನಕಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಒಡ್ಡಲಾಯಿತು. ಮೆಚ್ಚಿನ ಪಾನಕದ ಒಂದು ಪಾಲಿಗೆ ಮತ್ತೊಂದರ ಎಷ್ಟು ಪಾಲು ಸಮವೆಂಬುದು ಆಯ್ಕೆಗಳಿಂದಲೇ ತಿಳಿದುಬಂತು. ಕಣ್ಣುಗುಳಿಗಳ ಮೇಲ್ಭಾಗದಲ್ಲಿರುವ ಮುಂಮಿದುಳಿನ ಹೊರಪದರದಲ್ಲಿ ಕೆಲವು ನರಕೋಶಗಳ ಚಟುವಟಿಕೆಯು ಪಾನಕದ ಅಳತೆಯನ್ನಲ್ಲ, ಈ ಮೆಚ್ಚುಗೆಯ ಅಳತೆಯನ್ನು ಅನುಸರಿಸಿತು. ಪಾನಕವು ಎಡಕ್ಕಿದ್ದರೂ ಬಲಕ್ಕಿದ್ದರೂ ಭೇದವಾಗಲಿಲ್ಲ. ಇದು ನಿಸ್ಸಂದೇಹವಾಗಿ ಮಹತ್ವದ ಶೋಧನೆ.

ಆದರೆ ಇದರಿಂದ ಎಷ್ಟನ್ನು ಅನುಮಾನಿಸಬಹುದು? ಮೊದಲನೆಯದಾಗಿ, ಎರಡು ತಟ್ಟೆಗಳಲ್ಲಿಯೂ ಇದ್ದುದು ಪಾನಕವೇ. ತಣಿಯಬೇಕಾದುದು ಒಂದೇ ಬಾಯಾರಿಕೆ. ಅಲ್ಲಿ ಸಮಾನ ಮಾನವು ಸುಲಭಸಾಧ್ಯ. ಎರಡನೆಯದಾಗಿ, ಈ ಕೋಶಗಳು ಆಯಾ ಸಂದರ್ಭದಲ್ಲಿ ದೊರೆಯುವ ಮೌಲ್ಯಗಳ ವ್ಯಾಪ್ತಿಗೆ ತಮ್ಮ ಅಳತೆಯನ್ನು ಹೊಂದಿಸಿಕೊಳ್ಳುತ್ತವೆಂದು ಪಡೋಆ-ಸ್ಕಿಯೋಪ್ಪಾ ಅವರೇ 2009ರಲ್ಲಿ ತೋರಿಸಿದರು. ಸಂತೆಯಿಂದ ಸಂತೆಗೆ ತೂಕದ ಕಲ್ಲು ಬದಲಾಗುವುದಾದರೆ, ಒಂದು ಸಂತೆಯ ತೂಕವನ್ನು ಮತ್ತೊಂದರ ತೂಕದೊಡನೆ ನೇರವಾಗಿ ಹೋಲಿಸಲಾಗದು. ಮೂರನೆಯದಾಗಿ, ಮನುಷ್ಯರಲ್ಲಿ ತಿಂಡಿ, ಸಾಮಾನು, ಹಣ ಮೂರಕ್ಕೂ ಮಿದುಳಿನ ಒಂದೇ ಪ್ರದೇಶ ಪ್ರತಿಕ್ರಿಯಿಸುತ್ತದೆಂದು ಅದೇ ವರ್ಷದ ಮತ್ತೊಂದು ಅಧ್ಯಯನ ಹೇಳಿತು. ಆದರೆ ಆ ವಿಧಾನ ಅಳೆಯುವುದು ರಕ್ತಸಂಚಾರದ ವ್ಯತ್ಯಾಸವನ್ನು. ಅದರ ಒಂದೊಂದು ಚುಕ್ಕೆಯಲ್ಲಿಯೂ ಅಸಂಖ್ಯ ಕೋಶಗಳಿರುತ್ತವೆ. ಸ್ಥಳವೊಂದೇ ಆದ ಮಾತ್ರಕ್ಕೆ ಮಾನವೂ ಒಂದೇ ಎನ್ನಲಾಗದು.

ಇಂಥ ಸಂದೇಹಗಳನ್ನು ಮುಂದೊಯ್ದ ಹೇಡನ್ ಮತ್ತು ನಿವ್ ಅವರು, ಮಿದುಳಿನಲ್ಲಿ ಅಂಥ ಮೌಲ್ಯವು ಎಲ್ಲಿಯೂ ಇಲ್ಲದಿರಬಹುದೆಂದು 2021ರಲ್ಲಿ ವಾದಿಸಿದರು. ಯಾವಾಗ ಏನು ಮಾಡಬೇಕೆಂಬ ಕ್ರಿಯಾನೀತಿಯನ್ನು ನೇರವಾಗಿ ಕಲಿಯುವುದರಿಂದಲೇ ಆಯ್ಕೆ ಸಾಧ್ಯವೆಂಬುದು ಅವರ ಪಕ್ಷ. ಅದೂ ಅತಿಯಾಯಿತೆಂದು ನಮಗೆ ತೋರುತ್ತದೆ. ಆ ಪ್ರದೇಶಕ್ಕೆ ವಿದ್ಯುತ್ಪ್ರಚೋದನೆ ಕೊಟ್ಟಾಗ ಕೋತಿಯ ಆಯ್ಕೆಯು ಮುಂದಾಗಿಯೇ ಊಹಿಸಬಹುದಾದ ರೀತಿಯಲ್ಲಿ ವಾಲಿತೆಂಬ 2020ರ ಪ್ರಯೋಗವನ್ನು ಅಲಕ್ಷಿಸಲಾಗದು. ಅಲ್ಲಿಯ ಚಟುವಟಿಕೆ ಆಯ್ಕೆಯ ಬರಿಯ ನೆರಳಲ್ಲ.

ಆದುದರಿಂದ ಸಿದ್ಧಾಂತವನ್ನು ತಳ್ಳಿಹಾಕದೆ ಅದರ ಎಲ್ಲೆಯನ್ನು ಗುರುತಿಸುವುದು ಯುಕ್ತ. ಚಿಗಟೇರಿಯ ಸೀಮೆಯ ಮಳೆಯಾಶ್ರಿತ ಹೊಲದ ಒಕ್ಕಲಿಗನು ಮೆಕ್ಕೆಜೋಳ ಬಿತ್ತುವುದೋ ಜೋಳ ಬಿತ್ತುವುದೋ ಎಂದು ಯೋಚಿಸುವಾಗ ಒಂದೆಡೆ ಮಾರುಕಟ್ಟೆಯ ಹಣ, ಮತ್ತೊಂದೆಡೆ ಮನೆಯ ರೊಟ್ಟಿ, ದನದ ಮೇವು, ಮಳೆಯ ಭಯ. ಇವೆಲ್ಲವೂ ಅವನ ತಲೆಯಲ್ಲಿ ಒಂದೇ ಸಂಖ್ಯೆಯಾಗಿ ಕರಗುತ್ತವೆಂದು ಪಾನಕದ ಪ್ರಯೋಗವು ಸಿದ್ಧಪಡಿಸಿಲ್ಲ. ಕರಗುತ್ತವೆಂದು ಮುಂಚಿತವಾಗಿಯೇ ಗ್ರಹಿಸಿ, ಕ್ವಿಂಟಾಲಿನ ಧಾರಣೆಯೊಂದನ್ನೇ ಆ ಸಂಖ್ಯೆಯೆಂದು ಹಿಡಿದವರಿಗೆ, ಹೆಚ್ಚಿನ ಹಣ ತರುವ ಬೆಳೆಯನ್ನು ಬಿಟ್ಟವನು ಅವಿವೇಕಿಯಾಗಿ ಕಾಣುವನು. ಅಲ್ಲಿ ತಪ್ಪಿರುವುದು ಒಕ್ಕಲಿಗನ ವಿವೇಕವೋ ನಮ್ಮ ತಕ್ಕಡಿಯೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.